ಯಾರೂ ಇಲ್ಲದ ಕೋಣೆ

ಮೂರನೇ ಮಹಡಿಯ ಗಂಡಸರ ಕಕ್ಕಸು. ನನ್ನ ಕೈ ಕಮೋಡಿನೊಳಗಿತ್ತು. ದೀಪ ಆರಿಹೋಯಿತು.

ಹೊಸಬಳಾಗಿದ್ದರೆ ಕಿರುಚುತ್ತಿದ್ದೆ. ನನಗೆ ರೂಢಿಯಾಗಿತ್ತು. ಕತ್ತಲಲ್ಲೇ ಬ್ರಷ್ ತಿರುಗಿಸಿದೆ. ಯಾವನೋ ಎಂಜಿನಿಯರ್ ತಿಂದದ್ದನ್ನೆಲ್ಲ ಕಕ್ಕಿ, ನೀರು ಬಿಡದೆ ಎದ್ದುಹೋಗಿದ್ದ. ಬೆರಳ ತುದಿಯಲ್ಲಿ ಏನು ಮೆತ್ತಿಕೊಂಡಿದೆ ಎಂದು ನೋಡಲೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಗಾಳಿ ಎಳೆಯುವ ಫ್ಯಾನೂ ನಿಂತಿತು. ಆ ನಾತವನ್ನೇ ಉಸಿರಾಡಿಕೊಂಡು ತೊಳೆದು ಮುಗಿಸಿದೆ.

ದೀಪ ಯಾಕೆ ಆರಿತು ಅಂದರೆ, ಕಟ್ಟಡದ ಪ್ರಕಾರ ನಾನು ಅಲ್ಲಿ ಇರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ದೇವನಹಳ್ಳಿಯ ಆಚೆ, ವಿಮಾನ ನಿಲ್ದಾಣದ ಕಾಂಪೌಂಡಿಗೆ ಹತ್ತಿರದಲ್ಲಿ ಒಂದು ಗಾಜಿನ ಕಟ್ಟಡ. ವಿಮಾನದ ಬಿಡಿಭಾಗಗಳ ನಕ್ಷೆ ಮಾಡುವ ಕಂಪನಿ. ನಾನು, ಭಾನುಪ್ರಿಯಾ, ಅಲ್ಲಿ ಹೌಸ್‌ಕೀಪಿಂಗ್. ಕಸ, ಕಕ್ಕಸು, ನೆಲ, ಗಾಜು ಎಲ್ಲಕ್ಕೂ ಸೇರಿ ಅದೊಂದು ಇಂಗ್ಲಿಷ್ ಹೆಸರು. ಆ ಕಟ್ಟಡದಲ್ಲಿ ಯಾವ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಕಂಡುಹಿಡಿಯುವ ವ್ಯವಸ್ಥೆ ತಂದರು. ಕ್ಯಾಮೆರಾ ಅಲ್ಲ. ಸೂರಿನಲ್ಲಿ ವೈಫೈ ಡಬ್ಬಿಗಳು ಇರುತ್ತವಲ್ಲ, ಅವೇ. ಜೇಬಿನ ಫೋನು, ಮಣಿಕಟ್ಟಿನ ವಾಚು, ಮೇಜಿನ ಲ್ಯಾಪ್‌ಟಾಪು, ಎಲ್ಲವೂ ಆ ಡಬ್ಬಿಗಳ ಜೊತೆ ಸದಾ ಮಾತಾಡಿಕೊಂಡಿರುತ್ತವಂತೆ. ಫೋನು ಇದ್ದ ಕಡೆ ಮನುಷ್ಯ ಇದ್ದಾನೆ. ಫೋನು ಇಲ್ಲದ ಕಡೆ ಮನುಷ್ಯ ಇಲ್ಲ. ಕೋಣೆ ಖಾಲಿಯಾಯಿತು ಎಂದು ಗೊತ್ತಾದ ಕೂಡಲೇ ದೀಪ ಆರುತ್ತದೆ, ಏಸಿ ನಿಲ್ಲುತ್ತದೆ, ಕಿಟಕಿಗೆ ಪರದೆ ಇಳಿಯುತ್ತದೆ. ಬಾಗಿಲ ಪಕ್ಕದ ಪುಟ್ಟ ಸ್ಕ್ರೀನಿನಲ್ಲಿ ಸೊನ್ನೆ ಬೀಳುತ್ತದೆ. ಕರೆಂಟಿನ ಉಳಿತಾಯ, ಪರಿಸರದ ಕಾಳಜಿ. ಲಿಫ್ಟಿನ ಗೋಡೆಗೆ ಹಸಿರು ಎಲೆಯ ಚಿತ್ರ ಅಂಟಿಸಿದ್ದರು. ಆ ಚಿತ್ರದ ಮೇಲಿನ ಧೂಳನ್ನೂ ನಾವೇ ಒರೆಸುತ್ತಿದ್ದೆವು.

ಫೋನು ನಮ್ಮ ಹತ್ತಿರವೂ ಇತ್ತು. ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಿದ್ದರು. ನಾವು ನಕ್ಷೆಗಳ ಫೋಟೊ ಹೊಡೆದು ಮಾರಿಬಿಡುತ್ತೇವಂತೆ. ಎಂಜಿನಿಯರುಗಳು ಮಾರುವುದಿಲ್ಲ, ಕಸ ಗುಡಿಸುವವರು ಮಾರುತ್ತಾರೆ! ಸೆಕ್ಯುರಿಟಿ ಚಿಕ್ಕಬೀರಪ್ಪ ಪ್ಲಾಸ್ಟಿಕ್ ಬುಟ್ಟಿ ಹಿಡಿದು ನಿಲ್ಲುತ್ತಿದ್ದ. ನಾವು ಒಬ್ಬೊಬ್ಬರಾಗಿ ಫೋನು ಹಾಕಿ ಒಳಗೆ ಹೋಗುತ್ತಿದ್ದೆವು. ಹೀಗಾಗಿ ಕಟ್ಟಡದ ಲೆಕ್ಕದಲ್ಲಿ ನಾವೆಲ್ಲ ಇಡೀ ದಿನ ಗೇಟಿನ ಬುಟ್ಟಿಯಲ್ಲೇ ಬಿದ್ದಿರುತ್ತಿದ್ದೆವು.

ನಮ್ಮನ್ನು ಕೆಲಸಕ್ಕೆ ಸೇರಿಸಿದವನು ಅನಿಲ್‌ಕುಮಾರ್. ಹೌಸ್‌ಕೀಪಿಂಗ್ ಗುತ್ತಿಗೆ ಅವನದು. ನಮ್ಮೂರಿನ ಜಮೀನ್ದಾರ ಅಪ್ಪಯ್ಯಣ್ಣನ ಮಗ. ಕಟ್ಟಡ ನಿಂತಿರುವುದೇ ಅಪ್ಪಯ್ಯಣ್ಣನ ದ್ರಾಕ್ಷಿ ತೋಟದ ಮೇಲೆ. ತೋಟ ಹೋದಾಗ ಅವರಿಗೆ ಪರಿಹಾರ ಬಂತು, ಅದರ ಬೆನ್ನಿಗೆ ಗುತ್ತಿಗೆಯೂ ಬಂತು. ಆ ತೋಟದಲ್ಲಿ ಸೊಂಟ ಬೀಳುವವರೆಗೆ ದುಡಿದ ನಮ್ಮ ಕೇರಿಯವರ ಕೈಗೆ ಪೊರಕೆ ಬಂತು.

ಹಾಗೆ ದುಡಿದವಳು ಕದಿರಮ್ಮ. ನನ್ನ ಸೋದರತ್ತೆ. ಮೈ ನೆರೆಯುವ ಮುಂಚೆಯೇ ಆ ತೋಟಕ್ಕೆ ಹೋದವಳು. ಅಪ್ಪಯ್ಯಣ್ಣನ ಮನೆಗೆ ಸಗಣಿ ಬಾಚಲು ಹೋದಾಗ ಹಿತ್ತಿಲ ಬಾಗಿಲಾಚೆ ನಿಂತು "ಬಂದಿದ್ದೀನಿ ಸಾಮಿ" ಎಂದು ಕೂಗಬೇಕಿತ್ತು. ಅಪ್ಪಯ್ಯಣ್ಣನ ಹೆಂಡತಿ ಅಮ್ಮಯಮ್ಮ ಕುಡಿಯುವ ನೀರಿನ ಕೊಡಗಳನ್ನು ಒಳಕ್ಕೆ ಸರಿಸಿದ ಮೇಲೆ ಇವಳು ಕಾಲಿಡಬೇಕಿತ್ತು. ಅನಿಲ್‌ಕುಮಾರ್ ಕೂಸಾಗಿದ್ದಾಗ ಅವನ ಹೇಲುಬಟ್ಟೆ ಒಗೆದವಳೂ ಇವಳೇ. ಇವಳ ಕೈ ತಗುಲಿದರೆ ನೀರಿಗೆ ಮೈಲಿಗೆ, ಮಗುವಿನ ಹೇಲಿಗೆ ಇಲ್ಲ. ಥೂ.

ಆ ಮಗು ಬೆಳೆದು, ಸೆಂಟು ಹಾಕಿಕೊಂಡು, ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡು, ಮೊದಲ ದಿನ ನಮಗೆಲ್ಲ ಟ್ರೈನಿಂಗ್ ಕೊಟ್ಟ.

"ನೋಡ್ರಮ್ಮಾ, ಸ್ಟಾಫ್ ಎದುರು ಬಂದ್ರೆ ಗೋಡೆ ಕಡೆ ತಿರುಗ್ಕೊಂಡ್ಬಿಡಿ. ನಿಮ್ಮ ಮುಖ ಅವ್ರಿಗೆ ಕಾಣ್ಬಾರ್ದು. ರೂಮಲ್ಲಿ ಇದ್ದಾಗ ಅವರವರೇ ಏನಾದ್ರೂ ಮಾತಾಡ್ತಿರ್ತಾರೆ, ಕೇಳ್ತಿರ್ತಾರೆ. ನೀವು ಬಾಯಿ ಹಾಕ್ಬೇಡಿ. ನಿಮ್ಮ ಹೆಸ್ರು ಹಿಡಿದು ಕರೆಯೋವರ್ಗೂ ಉಸ್ರೆತ್ತಬೇಡಿ. ನೀವು ಇದ್ದೀರಿ ಅಂತಾನೇ ಗೊತ್ತಾಗ್ಬಾರ್ದು. ಅದೇ ಕ್ಲಾಸ್ ಹೌಸ್‌ಕೀಪಿಂಗು."

ನಮ್ಮ ಹೆಸರು ಹಿಡಿದು ಅಲ್ಲಿ ಯಾರೂ ಕರೆಯಲಿಲ್ಲ. ಕರೆಯಲು ಅವರಿಗೆ ಹೆಸರು ಗೊತ್ತಿದ್ದರೆ ತಾನೆ? ಕದಿರತ್ತೆ ಈ ಪಾಠವನ್ನು ಎಲ್ಲರಿಗಿಂತ ಬೇಗ ಕಲಿತಳು. ಬೂಟಿನ ಸದ್ದು ಕೇಳಿದರೆ ಸಾಕು, ಬಕೆಟ್ಟು ಕಾಲಸಂದಿಗೆ ಎಳೆದುಕೊಂಡು ಗೋಡೆಗೆ ಮೂಗು ತಾಗುವಂತೆ ನಿಲ್ಲುತ್ತಿದ್ದಳು. ಅವಳ ಬೆನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

"ಯಾಕತ್ತೆ ಹಂಗೆ ಗೋಡೆಗೆ ಅಂಟ್ಕೊಳ್ತೀಯ? ಹಲ್ಲಿ ಏನು ನೀನು?" ಎಂದರೆ ನಗುತ್ತಿದ್ದಳು.

"ಸುಮ್ಕಿರೇ. ಅಲ್ಲಿ ಬಂದಿದ್ದೀನಿ ಬಂದಿದ್ದೀನಿ ಅಂತ ಬಡ್ಕೋಬೇಕಾಗಿತ್ತು. ಇಲ್ಲಿ ಬಂದಿಲ್ಲ ಅನ್ಸೋ ಹಂಗೆ ಇರ್ಬೇಕು. ಗಂಟ್ಲಿಗಾದ್ರೂ ರೆಸ್ಟು."

ಕತ್ತಲಲ್ಲಿ ಕಕ್ಕಸು ತೊಳೆಯುವ ವಿಷಯ ನಾನು ಅನಿಲ್‌ಕುಮಾರನಿಗೆ ಹೇಳಿದೆ. "ಹೊಲಸು ಬಳಿಯೋಕೆ ಲೈಟ್ ಯಾಕೆ? ಸೀರಿಯಲ್ ಸೆಟ್ ಹಾಕ್ಸಿಕೊಡ್ಲಾ?" ಎಂದ. ಎಚ್‌ಆರ್ ಮೇಡಂಗೆ ಹೇಳಿದೆ. ನಮ್ಮ ಕಡೆಯವರೇ, ಕನ್ನಡದವರೇ. "ನಿಮ್ಮನ್ನ ಡಿಟೆಕ್ಟ್ ಮಾಡೋ ಆಪ್ಷನ್ ಸಿಸ್ಟಂನಲ್ಲಿ ಇಲ್ಲ ಅಲ್ವಾ" ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು. ಒಳಗೆ ಹೋಗುವಾಗ ನಮ್ಮ ಫೋನು ಕೊಟ್ಟರೆ ಆಯಿತಲ್ಲ ಎಂದೆ. ಅದು ಪಾಲಿಸಿ ಅಲ್ಲವಂತೆ.

ಆಮೇಲೆ ಆ ಶನಿವಾರ ಬಂತು.

ಶನಿವಾರ ಎಂಜಿನಿಯರುಗಳಿಗೆ ರಜೆ. ನಮಗೆ ಇಲ್ಲ. ಅವತ್ತು ಜಿರಳೆ, ಸೊಳ್ಳೆಗೆ ಔಷಧಿ ಹೊಡೆಯುವ ದಿನ. ಹೊಗೆ ಬಿಡುವ ಯಂತ್ರವನ್ನು ಕೋಣೆಯೊಳಗೆ ಇಟ್ಟು, ಬಾಗಿಲು ಮುಚ್ಚಿಬಿಡುತ್ತಾರೆ. ಯಂತ್ರ ತರುವವನು ಕೊಂಡಪ್ಪ, ವಿಜಯಪುರದ ಕಡೆಯವನು. ಮೊದಲೆಲ್ಲ ಅವನು ಕೋಣೆಗಳನ್ನು ಸುತ್ತಿ, ಮೇಜಿನ ಕೆಳಗೂ ಬಗ್ಗಿ ನೋಡುತ್ತಿದ್ದ. ಹೊಸ ವ್ಯವಸ್ಥೆ ಬಂದ ಮೇಲೆ ಅದು ಟೈಮ್ ವೇಸ್ಟ್ ಎಂದರು. ಸ್ಕ್ರೀನಿನಲ್ಲಿ ಸೊನ್ನೆ ಇದ್ದರೆ ಯಂತ್ರ ಇಡು, ಬಾಗಿಲು ಎಳೆ, ಮುಂದಿನ ಕೋಣೆಗೆ ಹೋಗು.

ಕದಿರತ್ತೆ ಮೂರನೇ ಮಹಡಿಯ ದೊಡ್ಡ ಮೀಟಿಂಗ್ ಹಾಲಿನಲ್ಲಿದ್ದಳು. ಹಾಲಿನ ಹಿಂದೆ ಕಾಫಿ ಮಾಡಿಕೊಳ್ಳುವ ಮೂಲೆಯೊಂದಿದೆ. ಎರಡು ದಿನದ ಹಿಂದೆ ಯಾರದೋ ಬರ್ತ್‌ಡೇ. ತಿಂದು ಮಿಕ್ಕ ಕೇಕನ್ನೆಲ್ಲ ಸಿಂಕಿಗೆ ಸುರಿದಿದ್ದರು. ಸಿಂಕು ಕಟ್ಟಿಕೊಂಡು, ಕೆನೆ ಕೊಳೆತು, ಕೆಳಗಿನ ಪೈಪಿನಲ್ಲಿ ಹುಳ ಆಡುತ್ತಿತ್ತು. ಅತ್ತೆ ಸಿಂಕಿನ ಕೆಳಗೆ ತಲೆ ತೂರಿಸಿ, ಬೆರಳಿನಲ್ಲಿ ಅದನ್ನು ಕೆರೆದು ತೆಗೆಯುತ್ತಿದ್ದಳು. ದೀಪ ಯಾವತ್ತಿನಂತೆ ಆರಿತ್ತು.

ಕೊಂಡಪ್ಪ ಬಂದ. ಸೊನ್ನೆ ನೋಡಿದ. ಆದರೂ ಹಳೇ ಅಭ್ಯಾಸ, ಬಾಗಿಲು ತೆರೆದು ಕತ್ತಲೊಳಗೆ ಕೂಗಿದ.

"ಯಾರಾದ್ರೂ ಇದ್ದೀರಾ?"

ಉತ್ತರ ಬರಲಿಲ್ಲ. ಯಂತ್ರ ಇಟ್ಟು, ಬಾಗಿಲು ಎಳೆದುಕೊಂಡು ಹೋದ.

ನಾವು ಊಟಕ್ಕೆ ಕೂರುತ್ತಿದ್ದದ್ದು ಹಿಂದಿನ ಮೆಟ್ಟಿಲ ಕೆಳಗೆ, ಕಸದ ಕೋಣೆಯ ಮಗ್ಗುಲಲ್ಲಿ. ಕ್ಯಾಂಟೀನಿಗೆ ಯೂನಿಫಾರಂ ಹಾಕಿಕೊಂಡು ಬರಬಾರದು ಎಂದಿದ್ದರು. ಎಲ್ಲರೂ ಬಂದರು. ಅತ್ತೆಯ ಡಬ್ಬಿಯ ಗಂಟು ಹಾಗೇ ಇತ್ತು. ಮುದ್ದೆ ತಣ್ಣಗಾದರೆ ಅವಳಿಗೆ ಆಗುವುದಿಲ್ಲ, ಓಡಿಬರುವವಳು. ಕರೆದು ಬರೋಣ ಎಂದು ಮೇಲೆ ಹೋದೆ.

ಹಾಲಿನ ಬಾಗಿಲು ಮಸುಕು ಗಾಜಿನದು. ಪಕ್ಕದ ಸ್ಕ್ರೀನಿನಲ್ಲಿ ಹಸಿರು ಬಣ್ಣದ ಸೊನ್ನೆ. ಬಾಗಿಲ ಬುಡದಲ್ಲಿ, ಗಾಜಿಗೆ ಒತ್ತಿಕೊಂಡು, ಒಂದು ಅಂಗೈ.

ನನ್ನ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಅದು ಬರೀ ಫೋಟೊ ಇರುವ ಕಾರ್ಡು. ಗುಡಿಸುವ ಹೊತ್ತಿಗೆ ಸೆಕ್ಯುರಿಟಿಯವರೇ ಬಾಗಿಲು ತೆರೆದು, ಬೀಗ ಬೀಳದಂತೆ ಓರೆ ಮಾಡಿ ಇಡುತ್ತಿದ್ದರು. ಕಿರುಚಿಕೊಂಡು ಓಡಿದೆ. ಕೊಂಡಪ್ಪನೇ ಬಂದು ತೆರೆದ. ಹೊಗೆಯ ಜೊತೆ ಅತ್ತೆ ಹೊರಗೆ ಉರುಳಿದಳು. ಕಣ್ಣು ಬೆಂದುಹೋಗಿದ್ದವು. ಬಾಯಿಂದ ನೊರೆ ಬರುತ್ತಿತ್ತು. ಉಗುರುಗಳಲ್ಲಿ ಇನ್ನೂ ಕೇಕಿನ ಕೊಳೆ ಇತ್ತು. ಒಳಗಿನಿಂದ ಬಾಗಿಲು ತೆರೆಯಲು ಗೋಡೆಯ ಮೇಲೆ ಒಂದು ಗುಂಡಿ ಇದೆ ಎಂದು ಆಮೇಲೆ ತಿಳಿಯಿತು. ಆ ಗುಂಡಿಯನ್ನು ಒರೆಸಲು ನಮಗೆ ಕಲಿಸಿದ್ದರು. ಒತ್ತಲು ಕಲಿಸಿರಲಿಲ್ಲ.

ಕೊಂಡಪ್ಪ ತಲೆ ಚಚ್ಚಿಕೊಂಡು ಅಳುತ್ತಿದ್ದ. ಅನಿಲ್‌ಕುಮಾರ್ ಬಂದ. ಅತ್ತೆ ವಾಂತಿ ಮಾಡಿಕೊಂಡಿದ್ದಳು. ಅವನು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ.

"ಮುಂದಿನ ಬಾಗಿಲಲ್ಲಿ ಬೇಡ ಕಣ್ರೋ. ಗೂಡ್ಸ್ ಲಿಫ್ಟಲ್ಲಿ ಇಳಿಸಿ."

ಕಸ ಸಾಗಿಸುವ ತಳ್ಳುಗಾಡಿಯಲ್ಲಿ ಅವಳನ್ನು ಮಲಗಿಸಿದರು. ಕೆಳಗೆ ಹಾಸಲು ಒಂದು ಬಟ್ಟೆಯನ್ನೂ ಕೊಡಲಿಲ್ಲ. ಅದೇ ಗಾಡಿಯಲ್ಲಿ ಬೆಳಗ್ಗೆ ನಾನು ಕಕ್ಕಸಿನ ಬುಟ್ಟಿಗಳನ್ನು ಇಳಿಸಿದ್ದೆ. ನನ್ನ ಸೆರಗು ಮಡಿಸಿ ಅವಳ ತಲೆಯಡಿ ಹಿಡಿದುಕೊಂಡು ಗಾಡಿಯ ಜೊತೆ ಬಗ್ಗಿಕೊಂಡೇ ನಡೆದೆ.

ಅತ್ತೆ ಸಾಯಲಿಲ್ಲ. ಗಂಟಲು ಸುಟ್ಟಿತ್ತು, ಶ್ವಾಸಕೋಶಕ್ಕೆ ಏಟು ಬಿದ್ದಿತ್ತು. ಕೆಲಸದ ಜಾಗದಲ್ಲಿ ಆದ ಅಪಘಾತ ಎಂದು ಕಂಪನಿಯವರು ಒಪ್ಪಿಕೊಂಡರೆ ಮುಂದಿನ ಚಿಕಿತ್ಸೆ ನಡೆಯುತ್ತದೆ, ಇಲ್ಲದಿದ್ದರೆ ಕಷ್ಟ ಎಂದರು ಡಾಕ್ಟರು. ಅಷ್ಟೇ ಬೇಕಾಗಿದ್ದದ್ದು. ಅವಳು ಆ ಕೋಣೆಯಲ್ಲಿ ಇದ್ದಳು ಎಂಬ ಒಂದು ಮಾತು.

ಎಚ್‌ಆರ್ ಮೇಡಂ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಅದರಲ್ಲಿದ್ದ ಗ್ರಾಫಿನಲ್ಲಿ ನೆಲಕ್ಕೆ ಅಂಟಿದಂತೆ ಒಂದು ಗೆರೆ ಇತ್ತು.

"ನೋಡಿಮ್ಮಾ, ಶನಿವಾರ ಇಡೀ ದಿನ ಆ ಹಾಲಲ್ಲಿ ಯಾರೂ ಇರ್ಲಿಲ್ಲ. ಡೇಟಾ ಕ್ಲಿಯರ್ ಆಗಿದೆ."

"ನಾನು ನನ್ನ ಕಣ್ಣಾರೆ ನೋಡಿದ್ದೀನಿ ಮೇಡಂ."

"ಕಾರಿಡಾರಲ್ಲಿ ತಲೆ ಸುತ್ತಿ ಬಿದ್ದಿರ್ಬಹುದು. ನಿಮ್ಮನೆಗಳಲ್ಲಿ ಇನ್ನೂ ಸೌದೆ ಒಲೆ ಅಲ್ವಾ? ಹೊಗೆ ಕುಡಿದೂ ಕುಡಿದೂ ಲಂಗ್ಸ್ ಮೊದ್ಲೇ ವೀಕ್ ಇರುತ್ತೆ."

"ನಮ್ಮನೇಲಿ ಗ್ಯಾಸಿದೆ."

ಮೇಡಂ ನಿಟ್ಟುಸಿರು ಬಿಟ್ಟರು. "ಅದೂ ಅಲ್ದೆ, ಆತ ಬಾಗಿಲಲ್ಲಿ ಕೂಗಿದ್ದಾನಂತೆ. ಆಕೆ ಯಾಕೆ ಉತ್ತರ ಕೊಡ್ಲಿಲ್ಲ?"

"ಇರ್ಲೇ ಇಲ್ಲ ಅಂತೀರ. ಉತ್ತರ ಯಾಕೆ ಕೊಡ್ಲಿಲ್ಲ ಅಂತೀರ. ಎರಡ್ರಲ್ಲಿ ಒಂದು ಹೇಳಿ ಮೇಡಂ."

ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಹೊರಗೆ ಅನಿಲ್‌ಕುಮಾರ್ ನನ್ನ ತೋಳು ಹಿಡಿದು ಮೂಲೆಗೆ ಎಳೆದ. "ಜಾಸ್ತಿ ಆಡ್ಬೇಡ ಕಣೆ. ನಿಮ್ಮ ಕೇರಿ ಹೆಂಗಸ್ರಿಗೆಲ್ಲ ಅನ್ನ ಹಾಕ್ತಿರೋನು ನಾನು. ಒಬ್ಳಿಗೋಸ್ಕರ ಎಲ್ರ ಹೊಟ್ಟೆ ಮೇಲೂ ಹೊಡೀತೀಯಾ? ಕೊಂಡಪ್ಪನ್ನ ನೋಡ್ದೆ ತಾನೆ?" ಕೊಂಡಪ್ಪ ನಿಜ ಹೇಳಿದ್ದ. ಮಾರನೆಯ ದಿನದಿಂದ ಅವನು ಕಾಣಲಿಲ್ಲ. ಅನಿಲ್‌ಕುಮಾರನ ಸೆಂಟಿನ ವಾಸನೆ ನನ್ನ ತೋಳಿನ ಮೇಲೆ ಉಳಿಯಿತು. ಫಿನಾಯಿಲ್ ಹಾಕಿ ಉಜ್ಜಿಕೊಂಡೆ.

ಆ ಸಂಜೆ ಆಸ್ಪತ್ರೆಯಲ್ಲಿ ಅತ್ತೆಯನ್ನು ಕೇಳಿದೆ. ಹಾಸಿಗೆಯ ಪಕ್ಕ ಕೂತು, ಮೆಲ್ಲಗೆ.

"ಕೊಂಡಪ್ಪ ಕೂಗ್ದಾಗ ನಿಂಗೆ ಕೇಳುಸ್ಲಿಲ್ವಾ?"

"ಕೇಳುಸ್ತು." ಅವಳ ಸ್ವರ ತಗಡು ಕೆರೆದಂತೆ ಬರುತ್ತಿತ್ತು.

"ಮತ್ತೆ ಯಾಕೆ ಓ ಅನ್ನಲಿಲ್ಲ?"

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಯಾರಾದ್ರೂ ಇದ್ದೀರಾ ಅಂದ. ಸ್ಟಾಫ್‌ನೋರ್ನ ಕೇಳ್ತಾವ್ನೆ ಅನ್ಕಂಡೆ. ನನ್ನ ಹೆಸ್ರು ಹೇಳ್ಲಿಲ್ವಲ್ಲ."

ಆಸ್ಪತ್ರೆಯ ಕಕ್ಕಸಿಗೆ ಹೋಗಿ ವಾಂತಿ ಮಾಡಿದೆ. ನನ್ನ ಹೊಲಸನ್ನು ನಾನೇ ನೀರು ಹಾಕಿ ತೊಳೆದೆ. ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವಾಗ ಅಪ್ಪಯ್ಯಣ್ಣನ ಮೇಸ್ತ್ರಿ ಕೂಡ "ಲೇ ಕದ್ರಿ, ಸರ್ಕೊಳ್ಳೇ ಆ ಕಡೆ" ಎಂದು ಕೂಗುತ್ತಿದ್ದ. ಅವನ ಬಾಯಲ್ಲಿ ಹೆಸರು ಅರ್ಧವೇ ಆದರೂ ಅಲ್ಲೊಬ್ಬಳು ಇದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಇವರು ಹೆಣ್ಣೊಬ್ಬಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು, ಬಾಯಿ ಹೊಲಿದರು, ಫೋನು ಕಿತ್ತುಕೊಂಡರು, ಕತ್ತಲಿಗೆ ತಳ್ಳಿ ವಿಷ ಬಿಟ್ಟರು. ಈಗ ನೀನು ಇರಲೇ ಇಲ್ಲ ಎನ್ನುತ್ತಾರೆ. ನನಗೆ ಅಳು ಬರಲಿಲ್ಲ. ಅಸಹ್ಯವಾಯಿತು. ಅವರ ಗಾಜು, ಅವರ ಹಸಿರು ಎಲೆ, ಅವರ ಮೆತ್ತನೆಯ ಕನ್ನಡ, ಎಲ್ಲದರ ಮೇಲೂ ಉಗಿಯಬೇಕೆನಿಸಿತು.

ಕಂಪನಿಯವರು ಒಪ್ಪಲಿಲ್ಲ, ಆಸ್ಪತ್ರೆಯವರು ಅತ್ತೆಯನ್ನು ಮನೆಗೆ ಕಳಿಸಿದರು. ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುತ್ತಿರಲಿಲ್ಲ.

ಆ ವಾರವೇ ಅನಿಲ್‌ಕುಮಾರ್ ನಮ್ಮನ್ನೆಲ್ಲ ಸೇರಿಸಿ ಹೇಳಿದ. ಹೊರದೇಶದಿಂದ ದೊಡ್ಡವರು ಬರುತ್ತಾರೆ. ಜನರನ್ನು ಲೆಕ್ಕ ಹಾಕುವ ಈ ವ್ಯವಸ್ಥೆಯನ್ನು ನೋಡಿ, ತಮ್ಮ ಎಲ್ಲ ಕಟ್ಟಡಗಳಿಗೂ ಹಾಕಿಸುತ್ತಾರೆ. ಮೂರನೇ ಮಹಡಿಯ ಮೀಟಿಂಗ್ ಹಾಲು ಕನ್ನಡಿಯ ಹಾಗೆ ಹೊಳೆಯಬೇಕು. ಅವರು ಬರುವ ಹೊತ್ತಿಗೆ ನಮ್ಮ ನೆರಳೂ ಕಾಣಬಾರದು.

ಮೆಟ್ಟಿಲ ಕೆಳಗೆ ಊಟಕ್ಕೆ ಕೂತಾಗ ನಾನು ಹೇಳಿದೆ. "ನಾನು ಗುಡಿಸಲ್ಲ."

ಎಲ್ಲರೂ ಡಬ್ಬಿಯ ಮೇಲೆ ಬಗ್ಗಿದರು. ನೊಣ ಹಾರುತ್ತಿದ್ದವು. ಎಲ್ಲರ ಮನೆಯಲ್ಲೂ ಒಲೆ ಉರಿಯಬೇಕು, ನನಗೆ ಗೊತ್ತಿತ್ತು. ಕೊನೆಗೆ ದ್ಯಾವಮ್ಮ, ನಮ್ಮಲ್ಲಿ ಅತಿ ಅಂಜುಬುರುಕಿ, ಬೆರಳು ನೆಕ್ಕಿಕೊಂಡು ಕೇಳಿದಳು. "ಗುಡಿಸ್ದೆ ಏನ್ ಮಾಡಣ?"

"ಕೂತ್ಕೊಳ್ಳಣ."

"ಎಲ್ಲಿ?"

"ಅಲ್ಲೇ. ಆ ಕುರ್ಚಿಗಳ ಮೇಲೆ."

ದ್ಯಾವಮ್ಮ ಡಬ್ಬಿ ಮುಚ್ಚಿದಳು. "ಒಂದ್ಸಲ ಆದ್ರೂ ಕೂರ್ಬೇಕು ಅಂತ ಇತ್ತು ಕಣೆ ನಂಗೂ" ಎಂದಳು.

ದೊಡ್ಡವರು ಬರುವ ದಿನ ಅತ್ತೆಗೂ ಯೂನಿಫಾರಂ ತೊಡಿಸಿ ಟೆಂಪೋದಲ್ಲಿ ಕರೆತಂದೆವು. ಗೇಟಿನಲ್ಲಿ ಚಿಕ್ಕಬೀರಪ್ಪ ಬುಟ್ಟಿ ಹಿಡಿದಿದ್ದ. ಫೋನು ಹಾಕಿದೆವು. ಅತ್ತೆಯನ್ನು ನೋಡಿ ಬುಟ್ಟಿ ಕೆಳಗಿಟ್ಟ. "ಇವಮ್ಮನ್ನ ಬಿಡ್ಬೇಡ ಅಂದವ್ರೆ" ಎಂದ. ಆಮೇಲೆ ರಸ್ತೆಯ ಕಡೆ ಮುಖ ತಿರುಗಿಸಿ ನಿಂತುಕೊಂಡ. ಹಾಲು ಗುಡಿಸಲೆಂದು ಅವತ್ತಿನ ಮಟ್ಟಿಗೆ ಕೊಟ್ಟಿದ್ದ, ಬಾಗಿಲು ತೆರೆಯುವ ಕಾರ್ಡು ನನ್ನ ಕೈಯಲ್ಲಿತ್ತು. ಗೂಡ್ಸ್ ಲಿಫ್ಟು ಬಿಟ್ಟು ಮುಂದಿನ ಲಿಫ್ಟಿನಲ್ಲೇ ಹೋದೆವು.

ಪೊರಕೆ ಬಕೆಟ್ಟುಗಳನ್ನು ಮೇಜಿನ ಮೇಲೆ ಇಟ್ಟೆವು. ಕುರ್ಚಿಗಳಲ್ಲಿ ಕೂತೆವು. ದಿನಾ ಉಜ್ಜಿದ ಕುರ್ಚಿಗಳು. ಇಷ್ಟು ಮೆತ್ತಗಿವೆ ಎಂದು ಕೈಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಅತ್ತೆಯನ್ನು ಮೇಜಿನ ತಲೆಕಡೆ, ದೊಡ್ಡ ಸಾಹೇಬರು ಕೂರುವ ಜಾಗದಲ್ಲಿ ಕೂರಿಸಿದೆವು. ಸ್ವಲ್ಪ ಹೊತ್ತಿಗೆ ಏಸಿ ನಿಂತಿತು. ಕಿಟಕಿಯ ಪರದೆ ತಾನಾಗಿ ಇಳಿಯಿತು. ದೀಪ ಆರಿತು. ಕತ್ತಲಲ್ಲಿ ಅತ್ತೆಯ ಉಸಿರು ಗೊರಗೊರ ಎನ್ನುತ್ತಿತ್ತು. ಅದೇ ಕೋಣೆ, ಅದೇ ಕತ್ತಲು. ಅವಳ ಕೈ ಹುಡುಕಿ ಹಿಡಿದುಕೊಂಡೆ. ಬೆವರಿತ್ತು.

ಬೂಟುಗಳ ಸದ್ದು ಬಂತು. ಬಾಗಿಲಾಚೆ ಇಂಗ್ಲಿಷಿನಲ್ಲಿ ವಿವರಣೆ ನಡೆಯಿತು. ಜೀರೋ ಎಂಬ ಮಾತು ಮತ್ತೆ ಮತ್ತೆ ಕೇಳಿತು. ಯಾರೋ ಭೇಷ್ ಎನ್ನುವ ಹಾಗೆ ನಕ್ಕರು. ಅನಿಲ್‌ಕುಮಾರನಿಗೆ ಅನುಮಾನ ಬಂದಿರಬೇಕು, ಬೆಳಗ್ಗೆಯಿಂದ ನಮ್ಮಲ್ಲಿ ಒಬ್ಬರೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಬಾಗಿಲನ್ನು ಒಂದಿಷ್ಟೇ ಸರಿಸಿ, ಕತ್ತಲೊಳಗೆ ಪಿಸುಗುಟ್ಟಿದ.

"ಲೇ, ಯಾರಾದ್ರೂ ಇದ್ದೀರೇನ್ರೇ?"

ಅತ್ತೆಯ ಕೈ ನನ್ನ ಕೈಯಿಂದ ಬಿಡಿಸಿಕೊಂಡಿತು.

"ಇದ್ದೀನಿ ಕಣೋ" ಎಂದಳು. "ಅವತ್ತೂ ಇದ್ದೆ."

ಅಷ್ಟರಲ್ಲಿ ಅವನ ಜೇಬಿನ ಫೋನು ಹಾಲಿನೊಳಗೆ ಬಂದಿತ್ತು. ದೀಪಗಳೆಲ್ಲ ಭಗ್ಗನೆ ಹತ್ತಿದವು. ಮೇಜಿನ ಸುತ್ತ ನಾವು. ತಲೆಕಡೆ ಕೆಂಪು ಕಣ್ಣಿನ ಕದಿರತ್ತೆ. ಬಾಗಿಲಲ್ಲಿ ಸೂಟಿನವರು, ಎಚ್‌ಆರ್ ಮೇಡಂ, ಕಂಪನಿಯ ದೊಡ್ಡ ಸಾಹೇಬರು. ಪಕ್ಕದ ಸ್ಕ್ರೀನು ಹಾಲಿನಲ್ಲಿ ಒಬ್ಬನೇ ಇದ್ದಾನೆ ಎಂದು ತೋರಿಸುತ್ತಿತ್ತು. ಬಂದವರಲ್ಲಿ ಒಬ್ಬಾಕೆ ಸ್ಕ್ರೀನು ನೋಡಿದಳು, ನಮ್ಮನ್ನು ನೋಡಿದಳು, ಬೆರಳು ಮಾಡಿ ಎಣಿಸತೊಡಗಿದಳು.

ಅನಿಲ್‌ಕುಮಾರ್ ಅವರನ್ನು ನೋಡುತ್ತಿರಲಿಲ್ಲ. ಅವನ ಕಿವಿಯಲ್ಲಿ ಆ ಒಂದು ಕಣೋ ಮಾತ್ರ ಉಳಿದಿತ್ತು. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಕೆಂಪಾಯಿತು. ಗುತ್ತಿಗೆ, ಸೆಂಟು, ಇಂಗ್ಲಿಷು ಎಲ್ಲ ಕಳಚಿಬಿದ್ದು ಅಪ್ಪಯ್ಯಣ್ಣನ ಮಗ ನಿಂತಿದ್ದ.

"ಯಾರಿಗೇ ಕಣೋ ಅಂತೀಯಾ? ಹಿತ್ತಿಲಾಚೆ ನಿಲ್ತಿದ್ದೋಳು ನೀನು, ನಂಗೆ ಕಣೋ ಅಂತೀಯಾ? ಅವತ್ತು ಇದೇ ರೂಮಲ್ಲಿ ಹೊಗೆ ಕುಡ್ಕೊಂಡು ನಾಯಿ ಥರ ಸಾಯ್ತಾ ಬಿದ್ದಿದ್ದೆ. ಗಾಡಿಗೆ ಎತ್ತಿ ಹಾಕ್ಸಿ ಜೀವ ಉಳ್ಸಿದ್ನಲ್ಲ, ಅದಕ್ಕೆ ಇದೇನೇ ನೀನು ಕೊಡೋ ಮರ್ಯಾದೆ?"

ಹೊರದೇಶದವರಿಗೆ ಅರ್ಥವಾಗಲಿಲ್ಲ. ಎಚ್‌ಆರ್ ಮೇಡಂಗೆ ಆಯಿತು. ಅವರ ಬಾಯಿ ತೆರೆದುಕೊಂಡೇ ಇತ್ತು. ಸಾಹೇಬರು ಮೇಡಂ ಕಡೆ ತಿರುಗಿ, ಏನಂದ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಾನು ಏನು ಹೇಳಿದೆ ಎಂದು ಅನಿಲ್‌ಕುಮಾರನಿಗೆ ಆಗ ಹೊಳೆಯಿತು. ಅವನು ನಮ್ಮ ಕಡೆ ಕೈ ಬೀಸಿದ. "ಏಳ್ರೇ, ಏಳಿ ಮೊದ್ಲು, ಹೊರಗ್ ನಡೀರಿ."

ಯಾರೂ ಏಳಲಿಲ್ಲ. ದ್ಯಾವಮ್ಮ ಕುರ್ಚಿಯ ಕೈಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಕದಿರತ್ತೆ ಅವನತ್ತ ನೋಡಲೂ ಇಲ್ಲ. ಉಸಿರು ಎಳೆದುಕೊಂಡು, ಸುಟ್ಟ ಗಂಟಲಿನಲ್ಲಿ, ಮೇಡಂ ಕಡೆ ತಿರುಗಿ ಹೇಳಿದಳು.

"ಕೇಳುಸ್ಕಂಡ್ರಾ ಮೇಡಂ? ನಾನು ಇದ್ನಂತೆ."